ಪುಸ್ತಕಕ್ಕೆ ಊಟ ಹಾಕಿಸಿದ ಅಕ್ಕೋರು

ಕಾರವಾರದ ಬಸ್ಸು ಅಂಕೋಲೆ ಸ್ಟ್ಯಾಂಡಿಗೆ ಬಂದು ನಿಂತರೆ, ಮಾಲಿನಿ ಅಕ್ಕೋರಿಗಿಂತ ಮೊದಲು ಅವರ ಸಾಮಾನು ಇಳಿಯುತ್ತಿತ್ತು. ಒಂದು ಶನಿವಾರ ದೋಣಿಯ ಹುಟ್ಟು. ಮುಂದಿನ ಶನಿವಾರ ಬೇರುಸಮೇತ ಕಿತ್ತ ಬಾಳೆಗಿಡ, ದಾರಿಯುದ್ದ ಮಣ್ಣು ಉದುರಿಸುತ್ತ. ಅದರ ಮುಂದಿನ ಶನಿವಾರ ಗಾಳಿ ತುಂಬಿದ ಲಾರಿ ಟ್ಯೂಬು; ಅದರ ನಡುವೆ ಒಬ್ಬ ಪ್ರಯಾಣಿಕ ಕಾರವಾರದಿಂದಲೇ ಸಿಕ್ಕಿಹಾಕಿಕೊಂಡು ಬಂದಿದ್ದ, ಅವನನ್ನೂ ಟ್ಯೂಬಿನ ಜೊತೆಗೇ ಇಳಿಸಿದರು. ಈ ಕೊನೆಯದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಕಂಡಿದ್ದರೆ ಹೀಗೇ ಇರುತ್ತಿತ್ತು. ಎಲ್ಲ ಇಳಿದ ಮೇಲೆ ಕುಳ್ಳಗೆ, ದುಂಡಗೆ, ಸೆರಗನ್ನು ಸೊಂಟಕ್ಕೆ ಬಿಗಿದ ಅಕ್ಕೋರು ಇಳಿದು, ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಪೇಟೆಯ ನಡುವೆ ನಡೆದು ಹೋಗುತ್ತಿದ್ದರು. ಮೀನು ಮಾರುವ ಹೆಂಗಸರು, "ಅಕ್ಕೋರೆ, ದೋಣಿ ಎಲ್ಲಿ ಬಿಟ್ರಿ?" ಎಂದು ಕೇಳಿದರೆ, "ದೋಣಿ ಲೈಬ್ರರಿಲಿ ಕಾಯ್ತಾ ಅದೆ" ಅನ್ನುತ್ತಿದ್ದರು.

ಆ ದೋಣಿ ನಾನು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಮಾಲಿನಿ ಅಕ್ಕೋರು ಪಾಠ ಹೇಳುತ್ತಿರಲಿಲ್ಲ, ಪೇಟೆಯ ಹೆಂಚಿನ ಕಟ್ಟಡದ ಲೈಬ್ರರಿಯಲ್ಲಿ ಲೈಬ್ರರಿಯನ್ ಆಗಿದ್ದರು. ಆದರೂ ಊರೆಲ್ಲ ಅವರನ್ನು ಅಕ್ಕೋರು ಅನ್ನಲು ಕಾರಣ ಶನಿವಾರ. ಶನಿವಾರ ಬೆಳಿಗ್ಗೆ ಅಂಗನವಾಡಿ ಪ್ರಾಯದ ಮಕ್ಕಳನ್ನೆಲ್ಲ ಅವರು ಹಿಂದಿನ ಕೋಣೆಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದ್ದರು. ಇನ್ನೂ ಅ ಆ ಇ ಈ ಬಾರದ, ಮೂಗು ಒರೆಸಿಕೊಳ್ಳಲೂ ಬಾರದ ಮಕ್ಕಳಿಗೆ ಲೈಬ್ರರಿಯಲ್ಲಿ ಏನು ಕೆಲಸ ಎಂದು ಮುಂದಿನ ಕೋಣೆಯಲ್ಲಿ ಪೇಪರ್ ಓದುವ ಹಿರಿಯರು ಗೊಣಗುತ್ತಿದ್ದರು. ಅಕ್ಕೋರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಗಂಟಲಿನ ಮುಂದೆ ಬೇರೆಯವರ ದನಿ ಕೇಳುವುದೂ ಕಷ್ಟವಿತ್ತು. ಪಿಸುಗುಡಲು ಬಾರದ ಲೈಬ್ರರಿಯನ್ ಅವರು. ಒಂದು ಗುಟ್ಟು ಹೇಳಿದರೆ ಬೇಲೇಕೇರಿಯ ಬಂದರಿನಲ್ಲಿ ಬಲೆ ಬಿಡಿಸುತ್ತ ಕೂತವರಿಗೂ ತಿಳಿಯುತ್ತಿತ್ತು. ಗೋಡೆಯ 'ಮೌನವಾಗಿರಿ' ಬೋರ್ಡಿನ ಮೊಳೆಗೆ ತಮ್ಮ ಛತ್ರಿಯನ್ನು ಸಿಕ್ಕಿಸಿಡುತ್ತಿದ್ದರು. ಮಳೆಗಾಲ ಮುಗಿದು ಬೇಸಿಗೆ ಬಂದರೂ ಛತ್ರಿ ಅಲ್ಲೇ.

ಪ್ರತಿ ಶನಿವಾರಕ್ಕೆ ಒಂದು ವಿಷಯ. ಒಮ್ಮೆ ಬೇರು, ಒಮ್ಮೆ ಗಾಳಿ, ಒಮ್ಮೆ ಉಪ್ಪು, ಒಮ್ಮೆ ಸಂತೆ. ಆದರೆ ಆ ವಿಷಯದ ಪುಸ್ತಕವನ್ನು ಅವರು ಮೊದಲು ತೆರೆಯುತ್ತಿರಲಿಲ್ಲ. ಹಳೇ ದಿಂಬಿನ ಕವರಿನೊಳಗೆ ಏನನ್ನೋ ಬಚ್ಚಿಟ್ಟು ತಂದು ನಡುವೆ ಕೂರುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಅದರೊಳಗೆ ಕೈ ಹಾಕಿ, ಮುಟ್ಟಿ, ಅದು ಏನೆಂದು ಹೇಳಬೇಕು. ಸಂತೆಯ ವಾರ ಕವರಿನೊಳಗೆ ಪಡವಲಕಾಯಿ ಇತ್ತು. ಮೊದಲು ಕೈ ಹಾಕಿದ ಹುಡುಗ ಹಾವು ಎಂದು ಕಿರುಚಿ ಓಡಿದ. ಅವನ ಹಿಂದೆ ಎಲ್ಲರೂ ಓಡಿದರು. ಮುಂದಿನ ಕೋಣೆಯಿಂದ ಇಬ್ಬರು ಹಿರಿಯರು ಪೇಪರ್ ಬಿಟ್ಟು ರಸ್ತೆಯವರೆಗೆ ಓಡಿದರು. ಅವರಲ್ಲಿ ಒಬ್ಬರು ಮಂಡಿನೋವಿನಿಂದ ವರ್ಷಗಟ್ಟಲೆ ಕೋಲು ಹಿಡಿದು ನಡೆಯುತ್ತಿದ್ದವರು, ಕೋಲನ್ನು ಬಿಟ್ಟು ಓಡಿದರು. ಅಕ್ಕೋರು ಒಬ್ಬರೇ ಕೂತು ನಗುತ್ತಿದ್ದರು. ಎಲ್ಲರೂ ಮರಳಿ ಬಂದ ಮೇಲೆ, ಪ್ರತಿಯೊಬ್ಬರ ಕೈಗೂ ಆ ಪಡವಲಕಾಯಿಯನ್ನು ಕೊಟ್ಟು, ಮೂಸಲು ಹೇಳಿ, ಆಮೇಲೇ ಪುಸ್ತಕ ತೆಗೆದದ್ದು.

"ಮೊದ್ಲು ಕೈಗೆ ತಿಳೀಲಿ ಪುತಾ," ಅನ್ನುತ್ತಿದ್ದರು. ಅವರ ಮನೆಮಾತು ಕೊಂಕಣಿ. ಮಕ್ಕಳೆಲ್ಲ ಅವರಿಗೆ ಪುತಾ, ನನ್ನಂಥ ದೊಡ್ಡ ಹುಡುಗಿಯರೆಲ್ಲ ಬಾಯ್. "ಕೈಗೆ ತಿಳಿದದ್ದು ತಲೆ ಮರ್ತ್ರೂ ಕೈ ಮರಿಯೂದಿಲ್ಲ."

ನಾನು ಅಲ್ಲಿಗೆ ಹೋಗುತ್ತಿದ್ದದ್ದು ನನ್ನ ತಮ್ಮ ಮನುವಿನ ದೆಸೆಯಿಂದ. ಅವನಿಗೆ ಆಗ ನಾಲ್ಕು ವರ್ಷ, ನಾನು ಹೈಸ್ಕೂಲು. ಶನಿವಾರ ಅಮ್ಮನ ಹೊಲಿಗೆ ಕ್ಲಾಸು, ಅಜ್ಜಿ ಪೇಟೆಯಲ್ಲಿ ಬಸಳೆ ಮಾರಲು ಕೂರುವ ದಿನ, ಹಾಗಾಗಿ ಬೊಬ್ರುವಾಡದಿಂದ ಅವನನ್ನು ಕರೆದೊಯ್ದು ಕರೆತರುವ ಕೆಲಸ ನನ್ನ ಕೊರಳಿಗೆ. ಅವನನ್ನು ಒಳಗೆ ದೂಡಿ ಹೊರಗಿನ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತರಾಯಿತು ಎಂದು ನನ್ನ ಲೆಕ್ಕಾಚಾರ. ಮೊದಲ ಶನಿವಾರವೇ ಅಕ್ಕೋರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಅಳತೆ ತೆಗೆಯುವ ಹಾಗೆ, ನೋಡಿದರು. ನಾನು ಉದ್ದ ಇದ್ದೇನೆ, ಬೆನ್ನು ಅಗಲ ಇದೆ ಎಂದು ಗೊತ್ತುಮಾಡಿಕೊಂಡರು. ಆ ದಿನದ ವಿಷಯ ಬೆಟ್ಟ.

ಹೀಗೆ ನಾನು ಬೆಟ್ಟ ಆದೆ. ಹಸಿರು ಚಾದರ ಹೊದೆದು ಮಂಡಿಯೂರಿ ಬಗ್ಗಿದೆ. ಮಕ್ಕಳು ನನ್ನ ಮೇಲೆ ಹತ್ತಿದರು, ಇಳಿದರು, ನನ್ನ ತುದಿಯಲ್ಲಿ ಕೂತು ಬಿಸ್ಕೀಟು ತಿಂದರು. ಒಂದು ಹುಡುಗಿ ನನ್ನ ಜಡೆಯನ್ನು ಜಲಪಾತ ಅಂದುಕೊಂಡು ಅದರಲ್ಲಿ ಕೈ ತೊಳೆದಳು. ಚಾದರದೊಳಗಿನಿಂದ ನಾನು ಮೆಲ್ಲಗೆ ಮೊಬೈಲ್ ತೆಗೆದಾಗ ಅಕ್ಕೋರ ದನಿ ಗುಡುಗಿತು. "ಬೆಟ್ಟ ಮೊಬೈಲ್ ನೋಡೂದಿಲ್ಲ ಬಾಯ್."

ಬೆಟ್ಟದ ನಂತರ ನಾನು ಆಲದ ಮರ, ಹುಲಿ, ಸೇತುವೆ, ಒಂದು ದಿನ ಬರೀ ಮೋಡ. ಮೋಡವಾದ ದಿನ ಮನೆಗೆ ಬಂದು ಕನ್ನಡಿ ನೋಡಿದರೆ ತಲೆಯಲ್ಲಿ ಹತ್ತಿ. ದೋಣಿಯ ವಾರ ಕಾರವಾರದ ಮೀನುಗಾರರಿಂದ ತಂದ ಹುಟ್ಟು ಬಂತು. ಗಂಗಾವಳಿ ಹೊಳೆ ದಾಟಿಸುವ ತಾರಿದೋಣಿ ಹೇಗೆ ಇತ್ತೆಂದು ಮಕ್ಕಳಿಗೆ ತೋರಿಸಲು ನಾನು ತಾರಿಯಾದೆ. ನನ್ನ ಬೆನ್ನಮೇಲೆ ನಾಲ್ವರು ಪ್ರಯಾಣಿಕರು, ಒಂದು ಆಟದ ಆಡು. ಹುಟ್ಟು ಹಾಕುವವನು ಮನು. ಅವನು ಹುಟ್ಟನ್ನು ನೀರಿಗೆ ಹಾಕುವ ಬದಲು ದೋಣಿಗೇ ಹಾಕಿದ. ಆ ಏಟಿನ ಗುರುತು ಇವತ್ತಿಗೂ ನನ್ನ ಸೊಂಟದ ಮೇಲೆ ಇದೆ. ಇಲ್ಲದಿದ್ದರೂ ಇದೆ ಎಂದೇ ಹೇಳುತ್ತೇನೆ.

ಇಷ್ಟೆಲ್ಲ ಆಟವಾಗಿ, ಕಥೆಯಾಗಿ, ಹಾಡಾಗಿ, ಹೊರಡುವ ಹೊತ್ತಿಗೆ ಪ್ರತಿ ಶನಿವಾರ ಬಾಗಿಲಲ್ಲಿ ಒಂದು ಅಳು ಶುರುವಾಗುತ್ತಿತ್ತು. ಮಕ್ಕಳಿಗೆ ಆ ಪುಸ್ತಕ ಮನೆಗೆ ಬೇಕು. ಲೈಬ್ರರಿಯ ನಿಯಮ ಏನೆಂದರೆ, ಸಹಿ ಮಾಡಲು ಬಾರದ ಮಕ್ಕಳಿಗೆ ಕಾರ್ಡು ಇಲ್ಲ. ಕಾರ್ಡು ಇಲ್ಲದವರಿಗೆ ಪುಸ್ತಕ ಇಲ್ಲ. ಅಕ್ಕೋರು ಒಬ್ಬೊಬ್ಬರ ಬೆರಳು ಬಿಡಿಸಿ ಪುಸ್ತಕ ತೆಗೆದುಕೊಳ್ಳಬೇಕಿತ್ತು. ಆ ಒಂದು ಕೆಲಸ ಮಾಡುವಾಗ ಮಾತ್ರ ಅವರ ದನಿ ಏಳುತ್ತಿರಲಿಲ್ಲ. ಒಮ್ಮೆ ಮನು ಪುಸ್ತಕವನ್ನು ಚಡ್ಡಿಯೊಳಗೆ ಬಚ್ಚಿಟ್ಟುಕೊಂಡು ಮಿಲಿಟರಿಯವರ ಹಾಗೆ ನೆಟ್ಟಗೆ ನಡೆದು ಹೊರಟ. ಮೆಟ್ಟಿಲು ಇಳಿಯಲು ಕಾಲು ಮಡಚಲು ಆಗಲಿಲ್ಲ, ಅಲ್ಲೇ ಸಿಕ್ಕಿಬಿದ್ದ. ಅಕ್ಕೋರು ಬಯ್ಯಲಿಲ್ಲ. ಪುಸ್ತಕ ತೆಗೆದುಕೊಂಡು, ಒರೆಸಿ, ಅದನ್ನು ಕಪಾಟಿನಲ್ಲಿಡದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತರು.

ಇದೆಲ್ಲ ಯಾಕೆ ಇಷ್ಟು ಹಚ್ಚಿಕೊಳ್ಳುತ್ತೀರಿ, ಇಲ್ಲಿ ನೋಡಿದರೆ ಸಾಕಲ್ಲ ಎಂದು ನಾನು ದೊಡ್ಡವಳ ಹಾಗೆ ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಬೆಟ್ಟದಷ್ಟೇ ಸುಮ್ಮನಾದೆ.

"ಇಲ್ಲಿ ನೋಡಿದ್ದು ನನ್ನ ಪುಸ್ತಕ ಬಾಯ್," ಅಂದರು. "ಮನೆಗೆ ಒಯ್ದು, ಅಜ್ಜಿಯ ತೊಡೆ ಮೇಲೆ ಕೂತು, ಇದು ನೋಡು ಇದು ನೋಡು ಹೇಳಿ ತೋರ್ಸಿದಾಗ ಅದು ಅವ್ರ ಪುಸ್ತಕ ಆಗ್ತದೆ. ಅದು ಆಗೂದೇ ಇಲ್ಲ ಅಂದ್ರೆ ನಾ ಪ್ರತಿ ಶನಿವಾರ ಇಲ್ಲಿ ಬಂದು ಮಂಗಾಟ ಮಾಡಿದ್ಹಾಂಗೇ ಆಯ್ತು."

ಕಾರವಾರದಲ್ಲಿ ಒಬ್ಬ ಸಾಹೇಬರಿದ್ದರು, ಲೈಬ್ರರಿಗಳ ಮೇಲ್ವಿಚಾರಣೆ ಅವರದು. ಅಕ್ಕೋರು ಅವರ ಆಫೀಸಿಗೆ ಹೋದರು, ಮತ್ತೆ ಹೋದರು, ಆಮೇಲೆ ಎಷ್ಟು ಸಲ ಹೋದರೆಂದರೆ ಸಾಹೇಬರು ಇವರ ದನಿ ಗೇಟಿನಲ್ಲಿ ಕೇಳಿದ ಕೂಡಲೇ ಹಿಂಬಾಗಿಲಿನಿಂದ ಚಹಾ ಕುಡಿಯಲು ಹೋಗುತ್ತಿದ್ದರಂತೆ. ಕೊನೆಗೆ ಒಂದು ದಿನ ಅಕ್ಕೋರು ಚಹಾದಂಗಡಿಯಲ್ಲೇ ಕಾದು ಕೂತರು. ಮಕ್ಕಳು ಪುಸ್ತಕ ಹರಿದು ಹಾಕುತ್ತಾರೆ, ಅದಕ್ಕೆ ಯಾರು ಹೊಣೆ ಎಂದು ಸಾಹೇಬರು ವಾದಿಸಿದರು. ಹರಿಯುವುದಿಲ್ಲ ಎಂದು ಇವರು. ಚಹಾ ಆರಿ ತಣ್ಣಗಾದ ಮೇಲೆ ಸಾಹೇಬರು ಒಂದು ಮಾತಿಗೆ ಒಪ್ಪಿದರು. ಒಂದು ವಾರದ ಮಟ್ಟಿಗೆ ಮಕ್ಕಳಿಗೆ ಪುಸ್ತಕ ಮನೆಗೆ ಕೊಡಿ. ಶನಿವಾರ ನಾನೇ ಅಂಕೋಲೆಗೆ ಬಂದು ನೋಡುತ್ತೇನೆ. ಕೆಟ್ಟು ಬಂದರೆ ಇನ್ನು ನನ್ನ ಬಾಗಿಲಿಗೂ ಬರಬೇಡಿ, ಚಹಾದಂಗಡಿಗೂ ಬರಬೇಡಿ.

ಅಕ್ಕೋರು ತಯಾರಿ ಮಾಡಿದರು. ಪುಸ್ತಕ ಕೊಡುವ ಆ ಶನಿವಾರದ ವಿಷಯ 'ಪುಸ್ತಕದ ಆಸ್ಪತ್ರೆ'. ಮುಂಡಾಸಿನ ಹಾಗೆ ಕರವಸ್ತ್ರ ಕಟ್ಟಿಕೊಂಡ ಡಾಕ್ಟರುಗಳು ಚಾಪೆಯ ಸುತ್ತ ಕೂತರು. ಚಾಪೆಯ ಮೇಲೆ ಹರಿದ, ಬೆನ್ನು ಮುರಿದ ಹಳೇ ಪುಸ್ತಕಗಳು ಮಲಗಿದ್ದವು, ಮೇಲೆ ಟವೆಲು ಹೊದಿಸಿ. ನಾನು ಆ ದಿನ ಆಂಬುಲೆನ್ಸ್. ಅಂಟಿಗೆ ಅಂಗಡಿಯ ಗೋಂದು ತರದೆ, ಅಕ್ಕೋರು ಮನೆಯಿಂದ ದಪ್ಪ ಗಂಜಿ ಬೇಯಿಸಿ ಡಬ್ಬಿಯಲ್ಲಿ ತಂದಿದ್ದರು. ಮಕ್ಕಳು ಹೇಗೂ ಬೆರಳು ನೆಕ್ಕುತ್ತಾರೆ, ನೆಕ್ಕಿದರೂ ಹೊಟ್ಟೆಗೆ ಹೋಗುವುದು ಅನ್ನ ತಾನೆ ಎಂದು ಅವರ ವಿಚಾರ. ಹಾಳೆ ಬಿಟ್ಟುಹೋದ ಒಂದು ಪುಸ್ತಕವನ್ನು ಎತ್ತಿ ಹಿಡಿದು, ಆ ಬಿರುಕನ್ನು ತೋರಿಸಿ, ಆಗ ಅವರು ಒಂದು ಮಾತು ಹೇಳಿದರು. ಆ ಮಾತು ಹೇಳದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

"ನೋಡಿ ಪುತಾ, ಪುಸ್ತಕಕ್ಕೆ ಹಸಿವಾದ್ರೆ ಹೀಂಗೆ ಬಾಯಿ ಬಿಡ್ತದೆ. ಆವಾಗ ಒಂದು ಚೂರು ಗಂಜಿ ಕೊಡೂದು, ಬಾಯಿ ಮುಚ್ಚೂದು, ತಟ್ಟಿ ಮಲಗ್ಸೂದು."

ಮಕ್ಕಳು ಕೊಟ್ಟರು, ಮುಚ್ಚಿದರು, ತಟ್ಟಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಒಳ್ಳೇ ಪುಸ್ತಕ ಎದೆಗೊತ್ತಿಕೊಂಡು ಮನೆಗೆ ಹೋದರು. ಅಂದು ಬಾಗಿಲಲ್ಲಿ ಅಳು ಇರಲಿಲ್ಲ. ಅಳು ಇಲ್ಲದ ಬಾಗಿಲನ್ನು ಅಕ್ಕೋರು ಬಹಳ ಹೊತ್ತು ನೋಡಿದರು.

ಮುಂದಿನ ಶನಿವಾರ ಬೆಳಿಗ್ಗೆ ನಾನೂ ಮನುವೂ ಮನೆಯಿಂದ ಹೊರಟಾಗ ಓಣಿಯ ಬೆಕ್ಕೊಂದು ಹಿಂದೆ ಬಂತು. ರಸ್ತೆ ತಿರುಗುವಲ್ಲಿ ಇನ್ನೊಂದು ಸೇರಿಕೊಂಡಿತು. ಪೇಟೆಗೆ ಬರುವಷ್ಟರಲ್ಲಿ ನಮ್ಮ ಹಿಂದೆ ಬೆಕ್ಕಿನ ದಿಬ್ಬಣವೇ ಹೊರಟಿತ್ತು. ನಾನು ನಿಂತು ಮನುವಿನ ಚೀಲವನ್ನು ಮೂಸಿದೆ. ಬಂಗಡೆ ಸಾರು.

ಇವನೇನು ಮಾಡಿದ್ದನೆಂದು ರಸ್ತೆ ಬದಿಯಲ್ಲೇ ವಿಚಾರಣೆ ನಡೆಸಿದೆ. ಪುಸ್ತಕ ಹಸಿವಾದಾಗ ಬಾಯಿ ಬಿಡುತ್ತದೆ ಎಂದು ಅಕ್ಕೋರು ಹೇಳಿದ್ದರು. ಇವನು ಪುಸ್ತಕ ತೆರೆದಾಗಲೆಲ್ಲ ಅದು ಬಾಯಿ ಬಿಟ್ಟಿತ್ತು. ಪಾಪ, ಇಡೀ ವಾರ ಹಸಿವು. ನಾವೆಲ್ಲ ಬಂಗಡೆ ಸಾರು ಉಣ್ಣುವಾಗ ಅದಕ್ಕೆ ಬರೀ ಗಂಜಿ ಹೇಗೆ ಕೊಡುವುದು ಎಂದು ಇವನು ತನ್ನ ತಟ್ಟೆಯಿಂದಲೇ ಒಂದೊಂದು ತುತ್ತು ಕೊಟ್ಟಿದ್ದ. ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದರೆ, ಅಜ್ಜಿ ನೋಡಿದ್ದಳಂತೆ. ಅಕ್ಕೋರು ಹೇಳಿದ್ರು ಎಂದು ಇವನು ಅಂದದ್ದನ್ನು ಕೇಳಿ, ಹಾಗಾದರೆ ಸರಿ ಎಂದು ಇನ್ನೊಂದು ತುಂಡು ಮೀನನ್ನು ತಾನೇ ಬಡಿಸಿದ್ದಳಂತೆ.

ನಮ್ಮದೊಂದೇ ಮನೆಯಾಗಿದ್ದರೆ ಮುಚ್ಚಿಡಬಹುದಿತ್ತು. ಲೈಬ್ರರಿಗೆ ಹೋದರೆ ಬಾಗಿಲಲ್ಲೇ ವಾಸನೆಗಳ ಮೆರವಣಿಗೆ. ಯಾರ ಮನೆಯಲ್ಲಿ ಆ ವಾರ ಏನು ಅಡುಗೆ ಎಂದು ಪುಸ್ತಕ ಮೂಸಿಯೇ ಹೇಳಬಹುದಿತ್ತು. ಒಂದರಲ್ಲಿ ಮೊಸರನ್ನ. ಒಂದರಲ್ಲಿ ಅವಲಕ್ಕಿ. ಒಂದರಲ್ಲಿ ದೋಸೆಯ ಚೂರು, ಬೆಲ್ಲ, ಅದಕ್ಕೆ ಹತ್ತಿದ ಇರುವೆಯ ಸಾಲು; ಆ ಇರುವೆಗಳು ಹಿಲ್ಲೂರಿನ ಕಾಡಿನಿಂದಲೇ ಬಂದಿರಬೇಕು, ಅಷ್ಟು ದಪ್ಪ. ಶ್ರಾವಣಿ ಎಂಬ ಹುಡುಗಿಯ ಪುಸ್ತಕ ಉಬ್ಬಿ ಎರಡರಷ್ಟಾಗಿತ್ತು. ಅವಳು ಶಿಸ್ತಿನ ಹುಡುಗಿ. ಊಟವಾದ ಮೇಲೆ ಪುಸ್ತಕಕ್ಕೆ ಬಾಯಿ ತೊಳೆಸಿದ್ದಳು.

ಅಕ್ಕೋರು ಒಂದೊಂದೇ ಪುಸ್ತಕ ತೆರೆದು ನೋಡಿದರು. ಮುಖ ಬಿಳಿಚಿತ್ತು. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು.

ಸಾಹೇಬರು ತೆಳ್ಳಗೆ, ಇಸ್ತ್ರಿ ಅಂಗಿ, ಮೀನಿನ ವಾಸನೆ ಎಂದರೆ ದೂರ. ಅವರ ಕೈಗೆ ಮೊದಲು ಸಿಕ್ಕಿದ್ದೇ ನಮ್ಮ ಮನುವಿನ ಪುಸ್ತಕ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಎರಡು ಬೆರಳಲ್ಲಿ ಹಾಳೆ ತಿರುಗಿಸಿದರು. ಆನೆಯ ಚಿತ್ರದ ಪುಟದಲ್ಲಿ, ಸೊಂಡಿಲಿನ ಪಕ್ಕ, ಒಂದು ಬಂಗಡೆಯ ಮುಳ್ಳು ಅಚ್ಚುಕಟ್ಟಾಗಿ ಇತ್ತು. ಇದೇನೆಂದು ಅವರು ಕೇಳಿದರು. ಮನು ಮುಂದೆ ಬಂದು ನೋಡಿ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದ.

"ಮುಳ್ಳು. ಅದು ತಿನ್ಲಿಲ್ಲ, ತೆಗ್ದಿಟ್ಟದೆ."

"ಅಕ್ಕೋರೆ," ಅಂದರು ಸಾಹೇಬರು, "ಇದು ಲೈಬ್ರರಿಯೋ, ಖಾನಾವಳಿಯೋ?"

ಅಷ್ಟು ದೊಡ್ಡ ಗಂಟಲಿನ ಅಕ್ಕೋರು ಮಾತಿಲ್ಲದೆ ನಿಂತದ್ದನ್ನು ನೋಡಿ ಮುಂದಿನ ಕೋಣೆಯ ಹಿರಿಯರೂ ಪೇಪರ್ ಕೆಳಗಿಟ್ಟು ಬಾಗಿಲಿಗೆ ಬಂದರು. ಸಾಹೇಬರು ಪುಸ್ತಕ ಮೇಜಿನ ಮೇಲಿಟ್ಟರು. ನಾನು ಮೊದಲೇ ಹೇಳಿದ್ದೆ, ಇನ್ನು ಇದರ ಮಾತು ಬೇಡ ಎಂದರು. ಬಾಗಿಲ ಕಡೆಗೆ ತಿರುಗಿದರು.

ಆಗ ಅಕ್ಕೋರು ಆ ರಾಶಿಯ ಎಲ್ಲ ಪುಸ್ತಕಗಳನ್ನೂ ಎತ್ತಿಕೊಂಡು ಅವರ ಎದುರಿಗೆ ಬಂದು, ಮೇಜಿನ ಮೇಲೆ ಒಂದೊಂದಾಗಿ ತೆರೆದಿಡತೊಡಗಿದರು. ಮೊಸರನ್ನದ್ದು, ಅವಲಕ್ಕಿಯದ್ದು, ಬೆಲ್ಲದ್ದು, ಬಾಯಿ ತೊಳೆಸಿದ್ದು. ಎಲ್ಲ ಹಾಳೆಗಳನ್ನೂ ತಿರುಗಿಸಿ ತೋರಿಸಿದರು. ಆಮೇಲೆ ಮಾತಾಡಿದರು. ನನ್ನ ಜೀವಮಾನದಲ್ಲಿ ಅವರು ಪಿಸುಗುಟ್ಟಿದ್ದು ಕೇಳಿದ್ದು ಅದೊಂದೇ ಸಲ.

"ಸರ್, ಹರೀತಾರೆ ಹೇಳಿದ್ರಿ. ಒಂದು ಹಾಳೆ ಹರಿದದ್ದು ತೋರ್ಸಿ." ಕೊನೆಯ ಪುಸ್ತಕವನ್ನೂ ಅವರ ಕಡೆಗೆ ಸರಿಸಿ, "ಹರೀಲಿಲ್ಲ ಸರ್. ಪುಸ್ತಕಕ್ಕೆ ಹಸಿವಾಗ್ತದೆ ಹೇಳಿ ನಾನೇ ಹೇಳಿದ್ದೆ, ಮಕ್ಳು ತಾವು ಉಂಬೂ ಹೊತ್ತಿಗೆ ಅದ್ಕೂ ಉಣ್ಸಿದ್ರು."

ಸಾಹೇಬರು ನಿಂತರು. ಮೇಜಿನ ಹತ್ತಿರ ಬಂದರು. ಒಂದೊಂದೇ ಪುಸ್ತಕ ನೋಡಿದರು. ಶ್ರಾವಣಿಯ ಉಬ್ಬಿದ ಪುಸ್ತಕದ ಹತ್ತಿರ ಬಂದಾಗ, ಇದು ಯಾಕೆ ಹೀಗೆ ಉಬ್ಬಿದೆ ಎಂದು ಅವಳನ್ನೇ ಕೇಳಿದರು. ಉಂಡ ಮೇಲೆ ಬಾಯಿ ತೊಳ್ಸಿದ್ದೆ, ಇಲ್ದಿದ್ರೆ ಹಲ್ಲು ಹುಳುಕಾಗ್ತದೆ ಎಂದು ಅವಳು ಉತ್ತರ ಕೊಟ್ಟಳು. ಕರವಸ್ತ್ರ ಮೂಗಿನಿಂದ ಕೆಳಗೆ ಬಂತು. ಸಾಹೇಬರ ಹೆಗಲು ಅಲುಗತೊಡಗಿತು. ನಗಬಾರದೆಂದು ಅವರು ಎಷ್ಟು ಬಿಗಿಹಿಡಿದರೆಂದರೆ ಕಣ್ಣಿನಿಂದ ನೀರು ಬಂತು, ಇಸ್ತ್ರಿ ಅಂಗಿಯ ಒಂದು ಗುಂಡಿ ಹಾರಿಹೋಯಿತು. ಗುಂಡಿಯ ವಿಷಯ ನನ್ನದು. ನೀರಿನ ವಿಷಯ ನಿಜ.

ಸಹಿಯ ನಿಯಮವನ್ನು ಮುರಿಯಲು ತಮ್ಮಿಂದಾಗುವುದಿಲ್ಲ ಎಂದರು. ಆದರೆ ಮನೆಯ ದೊಡ್ಡವರು ಯಾರಾದರೂ ಮೆಂಬರ್ ಆದರೆ, ಅವರ ಕಾರ್ಡಿನ ಮೇಲೆ ಮಕ್ಕಳ ಪುಸ್ತಕ ಕೊಡಲು ಯಾರೂ ಅಡ್ಡಿ ಹೇಳುವುದಿಲ್ಲ; ಸಹಿ ಬಾರದ ದೊಡ್ಡವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಜೀಪು ಹತ್ತುವ ಮೊದಲು ತಿರುಗಿ, ಪುಸ್ತಕಗಳಿಗೆ ಹೊಟ್ಟೆ ತುಂಬಿದೆ ಎಂದು ಮಕ್ಕಳಿಗೆ ಒಂದು ಸಲ ತಿಳಿಸಿಬಿಡಿ ಎಂದರು. ಅಕ್ಕೋರು ಮುಂದಿನ ಶನಿವಾರದ ವಿಷಯವನ್ನೇ ಅದಕ್ಕಾಗಿ ಮೀಸಲಿಟ್ಟರು. ಪುಸ್ತಕ ಆ ದಿನ ಉಪವಾಸ ವ್ರತ ಹಿಡಿಯಿತು, ಇವತ್ತಿಗೂ ಮುರಿದಿಲ್ಲ.

ಆಮೇಲೆ ಬಂದದ್ದು ಅಜ್ಜಿಯರ ಕಾಲ. ಅಪ್ಪ ಅಮ್ಮಂದಿರಿಗೆ ಪುರಸೊತ್ತು ಇರಲಿಲ್ಲ, ಪೇಟೆಗೆ ಬಂದುಹೋಗುವವರು ಅಜ್ಜಿಯರೇ. ನಮ್ಮ ಅಜ್ಜಿ ಬಸಳೆಯ ಬುಟ್ಟಿಯನ್ನು ಲೈಬ್ರರಿಯ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು. ಅಷ್ಟು ವರ್ಷ ಆ ಕಟ್ಟಡದ ನೆರಳಿನಲ್ಲೇ ಕೂತು ಮಾರಿದವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಕಾರ್ಡನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡಳು. ಶನಿವಾರ ಪೇಪರ್ ಓದುವ ಹಿರಿಯರ ಬೆಂಚಿನಲ್ಲಿ ಅಜ್ಜಿಯರು ಸಾಲಾಗಿ ಕೂರತೊಡಗಿದರು, ಊರಿನ ಸುದ್ದಿ ಪೇಪರಿಗಿಂತ ಮೊದಲೇ ಅಲ್ಲಿ ಸಿಗತೊಡಗಿತು. ಹಿರಿಯರು ಪೇಪರ್ ತಲೆಕೆಳಗಾಗಿ ಹಿಡಿದು ಕಿವಿ ಕೊಡುತ್ತಿದ್ದರು.

ಹೋದ ಮಳೆಗಾಲ ಅಕ್ಕೋರಿಗೆ ಕಾರವಾರದ ಆಫೀಸಿಗೆ ವರ್ಗವಾಯಿತು. ಮನೆ ಹತ್ತಿರ, ಬಸ್ಸಿನ ಓಡಾಟ ತಪ್ಪಿತು ಎಂದು ಎಲ್ಲರೂ ಒಳ್ಳೇದಾಯಿತು ಅಂದರು. ಅಲ್ಲಿ ಇರುವುದು ಕಪಾಟು, ಕಂಪ್ಯೂಟರು, ಕಟ್ಟು ಬಿಚ್ಚದ ಹೊಸ ಪುಸ್ತಕಗಳು. ಮಕ್ಕಳು ಬರುವ ಜಾಗವಲ್ಲ. ಕೊನೆಯ ಶನಿವಾರ ಅವರು ದಿಂಬಿನ ಕವರು ತಂದಿರಲಿಲ್ಲ. ಇವತ್ತಿನ ವಿಷಯ ಎಂತದು ಎಂದು ಮಕ್ಕಳು ಕೇಳಿದರೆ, ಪ್ರತಿಯೊಬ್ಬರೂ ತಮಗೆ ಬೇಕಾದ ಪುಸ್ತಕ ಆರಿಸಿ ಮನೆಗೆ ಒಯ್ಯುವುದೇ ವಿಷಯ ಎಂದರು. ನಾನು ಅಂದು ಏನೂ ಆಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತುಕೊಳ್ಳುವುದು ಅಷ್ಟು ಬೇಜಾರಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕೋರು ಛತ್ರಿ ಇಳಿಸಿಕೊಂಡು ಹೊರಟರು. ಮನು ಅವರ ಕೈಗಳನ್ನು ನೋಡಿದ. ಅವನಿಗೆ ಈಗ ಶಾಲೆ, ತಾನೇ ಓದುತ್ತಾನೆ, ಅದರ ಜಂಬ ಬೇರೆ.

"ಅಕ್ಕೋರೆ, ನಿಮ್ಗೆ ಪುಸ್ತಕ ಇಲ್ಲಾ?"

ತಮ್ಮ ಕಾರ್ಡನ್ನು ಆಗಲೇ ಆಫೀಸಿಗೆ ಒಪ್ಪಿಸಿಯಾಯಿತು ಎಂದು ಅವರು ವಿವರಿಸಿದರು. ಅವನು ತನ್ನ ಕೈಯಲ್ಲಿದ್ದ, ಅಜ್ಜಿಯ ಕಾರ್ಡಿನ ಮೇಲೆ ಆಗಷ್ಟೇ ತೆಗೆದುಕೊಂಡ ಪುಸ್ತಕವನ್ನು ಅವರ ಕೈಗೆ ಕೊಟ್ಟ. ಅದು ಒಂದು ಕೊಕ್ಕರೆಯ ಪುಸ್ತಕ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೊಕ್ಕರೆ ನೀರಿನಲ್ಲಿ ನಿಂತೇ ಇರುತ್ತದೆ, ಅಷ್ಟೇ ಕಥೆ. ಮನೆಗೆ ಒಯ್ದು ಅಜ್ಜಿಗೆ ತೋರಿಸಿ ಎಂದ.

"ನನ್ನ ಮನೆಲಿ ಅಜ್ಜಿ ಅಂದ್ರೆ ಈಗ ನಾನೇ ಪುತಾ."

"ಹಂಗಾರೆ ನೀವೇ ನೋಡ್ಕಣಿ," ಅಂದ ಅವನು.

ಅಕ್ಕೋರು ಅದನ್ನು ಎದೆಗೊತ್ತಿಕೊಂಡರು. ಹಾಗೇ ಬಸ್ಸು ಹತ್ತಿದರು. ಕಿಟಕಿಯಲ್ಲಿ ಕೂತು ಕೈ ಬೀಸುವ ಬದಲು ಪುಸ್ತಕ ಬಿಡಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಲೈಬ್ರರಿಗೆ ಈಗ ಹೊಸಬರು ಬಂದಿದ್ದಾರೆ, ಸಣ್ಣ ಪ್ರಾಯದವರು. ಹಿಂದಿನ ಕೋಣೆಯಲ್ಲಿ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಆದರೆ ಅಜ್ಜಿಯರ ಕಾರ್ಡುಗಳನ್ನು ಅವರೂ ತ್ರಾಸು ಕೊಡದೆ ನಡೆಸುತ್ತಾರೆ. ಮಕ್ಕಳು ಪುಸ್ತಕ ಒಯ್ಯುತ್ತಾರೆ, ತರುತ್ತಾರೆ. ನಮ್ಮ ಕೊಕ್ಕರೆಯ ಪುಸ್ತಕ ಮಾತ್ರ ಮರಳಿ ಬಂದಿಲ್ಲ. ಅವಧಿ ಮುಗಿಯುವ ದಿನ ಬಂದಾಗಲೆಲ್ಲ ಅಜ್ಜಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸಂಚಿಯಿಂದ ಕಾರ್ಡು ತೆಗೆದು, ಅದನ್ನೇ ಮತ್ತೆ ಮುಂದುವರಿಸಿಕೊಂಡು ಬರುತ್ತಾಳೆ. ಪುಸ್ತಕ ಎಲ್ಲಿದೆ ಎಂದರೆ ಮನೆಯಲ್ಲಿದೆ ಎನ್ನುತ್ತಾಳೆ. ಯಾರ ಮನೆ ಎಂದು ಅವರು ಕೇಳುವುದಿಲ್ಲ, ಇವಳು ಹೇಳುವುದಿಲ್ಲ. ಮೊನ್ನೆ ನಾನೂ ಜೊತೆಗಿದ್ದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತಿ, ಅಷ್ಟು ಸಣ್ಣ ಮಕ್ಕಳ ಪುಸ್ತಕ, ಇನ್ನೂ ಓದಿ ಮುಗಿಯಲಿಲ್ಲವೇ ಎಂದು ಕೇಳಿದರು. ಅಜ್ಜಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಳ್ಳುತ್ತ ಅವರನ್ನು ನೋಡಿದಳು.

"ನಂಗೆ ಅಕ್ಷರ ಬರೂದಿಲ್ಲ ತಮಾ," ಅಂದಳು. "ಅದ್ಕೇ ಸ್ವಲ್ಪ ಹೊತ್ತು ಹಿಡೀತದೆ."